ನಶ್ಯದ ಡಬ್ಬಿಯಲ್ಲಿ ನಾಲ್ಕು ಕಲ್ಲು

ಗಜೇಂದ್ರಗಡದ ಕಳಕವ್ವನ ಮನೆಯಲ್ಲಿ ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಒಂದು ತಗಡಿನ ನಶ್ಯದ ಡಬ್ಬಿ ಇದೆ. ನಶ್ಯ ಏರಿಸುತ್ತಿದ್ದ ಗಂಡ ತೀರಿಕೊಂಡು ಹದಿನಾರು ವರ್ಷವಾದರೂ ಆಕೆ ಆ ಡಬ್ಬಿಯನ್ನು ಖಾಲಿ ಬಿಟ್ಟಿಲ್ಲ. ಸೊಸೆ ಅನ್ನಪೂರ್ಣಾಳ ಕಿಡ್ನಿಯಿಂದ ಬಂದ ನಾಲ್ಕು ಕಲ್ಲುಗಳನ್ನು ಅದರಲ್ಲಿ ಇಟ್ಟಿದ್ದಾಳೆ. ಬೇರೆ ಮನೆಗಳಲ್ಲಾದರೆ ಇಂಥದ್ದನ್ನು ಬಚ್ಚಲಿಗೆ ಸುರಿದು ಕೈ ತೊಳೆದುಕೊಳ್ಳುತ್ತಿದ್ದರು. ಕಳಕವ್ವ ಮಾತ್ರ ಬಂದ ಬೀಗರಿಗೆ ಚಹಾ ಕೊಟ್ಟ ಮೇಲೆ ಡಬ್ಬಿ ಇಳಿಸಿ, ಕಲ್ಲುಗಳನ್ನು ಅಂಗೈ ಮೇಲೆ ಹರವಿ, "ಇದು ಸಾಸಿವಿ, ಇದು ಜ್ವಾಳ, ಇದು ಮೆಂತೆ, ಇದು ಕಡ್ಲಿಬ್ಯಾಳಿ ಮುರಕ" ಎಂದು ಸಂತೆಯಲ್ಲಿ ಕಾಳು ತೋರಿಸುವವರ ಹಾಗೆ ತೋರಿಸುತ್ತಿದ್ದಳು. ಚಹಾ ಕುಡಿದ ಬೀಗರ ಮುಖ ಏನಾಗುತ್ತಿತ್ತು ಎಂಬುದು ಆಕೆಗೆ ಕಾಣುತ್ತಿರಲಿಲ್ಲ. ಒಂದು ಕಣ್ಣಿನ ಪೊರೆ ತೆಗೆಸಿದರೂ ಪೂರ್ತಿ ಬೆಳಕು ಬಂದಿರಲಿಲ್ಲ, ಇನ್ನೊಂದು ಮಬ್ಬು.

ಕಳಕವ್ವ ಕೆಟ್ಟ ಅತ್ತೆಯಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅತ್ತೆ-ಸೊಸೆ ಅಂದ ಕೂಡಲೇ ಓದುವವರು ತಮ್ಮ ಮನೆಯ ಪುರಾಣ ತೆಗೆಯುತ್ತಾರೆ. ಆಕೆಯ ತಪ್ಪು ಒಂದೇ: ಕೈಗೆ ಸಿಕ್ಕಿದ್ದು ಖರೆ, ಸಿಗದಿದ್ದದ್ದು ಬಾಯಿಮಾತು ಎಂದು ನಂಬಿದವಳು. ಐವತ್ತು ವರ್ಷ ಮಗ್ಗದ ಮೇಲೆ ಕೂತವಳಿಗೆ ಕಣ್ಣಿಗಿಂತ ಬೆರಳ ಮೇಲೆ ಭರವಸೆ ಹೆಚ್ಚು.

ಅನ್ನಪೂರ್ಣಾ ಶಿರೋಳದ ಮಗಳು. ತವರಿನವರು ಮಗ್ಗ ಬಿಟ್ಟು ಎರಡು ತಲೆಮಾರಿನಿಂದ ಜೋಳ, ಕಡಲೆ ಬೆಳೆದುಕೊಂಡಿದ್ದರು. ಮದುವೆಯಾಗಿ ಬಂದಾಗ ಉದ್ದದ ಹಾಸು ಯಾವುದು, ಅಡ್ಡದ ಹೊಕ್ಕು ಯಾವುದು ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಎಲ್ಲ ಕಲಿಸಿದವಳು ಕಳಕವ್ವ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಬಲಗೈಯಿಂದ ಹಗ್ಗ ಜಗ್ಗಿ ಲಾಳಿ ಓಡಿಸಿ, ಎಡಗೈಯಿಂದ ಹಲಗೆ ಎಳೆದು ಬಡಿಯಬೇಕು. ಬಡಿತ ಒಂದೇ ಸಮ ಇದ್ದರೆ ಬಟ್ಟೆಯೂ ಒಂದೇ ಸಮ. ನಡುವೆ ಎದ್ದು ಹೋಗಿ ಮತ್ತೆ ಬಂದು ಕೂತರೆ ಆ ಜಾಗದಲ್ಲಿ ಅಡ್ಡಕ್ಕೆ ಕೂದಲೆಳೆಯಷ್ಟು ಗೆರೆ ಬೀಳುತ್ತದೆ. ಉಡುವವರಿಗೆ ಅದು ಕಾಣುವುದಿಲ್ಲ, ನೇಕಾರರಿಗೆ ತಪ್ಪುವುದಿಲ್ಲ. ಬೆಳಗ್ಗೆ ಕೂಡುವಾಗ ಒಂದು, ಊಟ ಮಾಡಿ ಬಂದು ಕೂಡುವಾಗ ಒಂದು, ಹೀಗೆ ದಿನಕ್ಕೆ ಎರಡು ಗೆರೆಗೆ ಕಳಕವ್ವನ ಮಾಫಿ ಇತ್ತು. ಮೂರನೆಯದು ಬಿದ್ದರೆ, "ಯಾರ ಮನಿ ಮುಂದ ಹರಟಿ ಹೊಡ್ಯಾಕ ಹೋಗಿದ್ದಿ?" ಎಂದು ಕೇಳುತ್ತಿದ್ದಳು. ಅವರ ಮನೆಯ ಪಟ್ಟೇದಂಚಿನ ಸೀರೆ ಅಂದರೆ ಕಣ್ಣು ಮುಚ್ಚಿ ಕೊಳ್ಳಬಹುದು ಎಂಬ ಹೆಸರು ಹಾಗೆ ಬಂದದ್ದು.

ಆ ಹೆಸರಿಗೆ ಅನ್ನಪೂರ್ಣಾ ತನ್ನ ಕಿಡ್ನಿ ಕೊಟ್ಟಳು. ನೀರು ಕುಡಿದರೆ ಏಳಬೇಕು, ಎದ್ದರೆ ಗೆರೆ ಬೀಳುತ್ತದೆ. ಅದಕ್ಕೆ ಬೆಳಗ್ಗೆ ಒಂದು ಬಟ್ಟಲು ಚಹಾ, ಮಧ್ಯಾಹ್ನ ರೊಟ್ಟಿಯ ಜೊತೆ ಒಂದು ಲೋಟ ನೀರು, ಮುಗಿಯಿತು. ಬೇಸಿಗೆಯಲ್ಲಿ ತಗಡಿನ ಕೆಳಗೆ ಕೂತು ಕುಪ್ಪಸ ತೊಯ್ದು ತೊಪ್ಪೆಯಾದರೂ ಅಷ್ಟೇ. ಊರಿನ ಬೋರ್‌ವೆಲ್ ನೀರಂತೂ ಕೊಡದ ಒಳಗೆ ಸುಣ್ಣ ಬಳಿದ ಹಾಗೆ ಕೂಡುವಂಥದ್ದು.

ಮೊದಲ ಸಲ ನೋವು ಬಂದಾಗ ಅವಳಿಗೆ ಇಪ್ಪತ್ತೆಂಟು. ಎಡಗಡೆ ಬೆನ್ನಿನ ಕೆಳಗೆ ಹಿಡಿದದ್ದು ಪಕ್ಕೆ ಸುತ್ತಿ ತೊಡೆಸಂದಿಯವರೆಗೆ ಇಳಿಯಿತು. ಕೂತರೆ ನಿಲ್ಲಬೇಕು, ನಿಂತರೆ ಮಲಗಬೇಕು, ಮಲಗಿದರೆ ಸತ್ತರೆ ಸಾಕು. ಗಂಡ ಮುತ್ತಣ್ಣ ಟಂಟಂ ಆಟೊ ಓಡಿಸುವವನು. ಕೂತಿದ್ದ ಪ್ಯಾಸೆಂಜರುಗಳನ್ನು ಪುರ್ತಗೇರಿ ಕ್ರಾಸಿನಲ್ಲಿ ಇಳಿಸಿ, ಹೆಂಡತಿಯನ್ನು ಹಾಕಿಕೊಂಡು ರೋಣದ ದವಾಖಾನೆಗೆ ಓಡಿದ. ಸೂಜಿ, ಸಲಾಯಿನ್ ಆಗಿ ಮೂರನೆಯ ದಿನ ಜೋಳದ ಕಾಳಿನಷ್ಟು ಕಲ್ಲು ಬಿತ್ತು. ಕಳಕವ್ವ ಅದನ್ನು ತೊಳೆದು ಬೆರಳ ನಡುವೆ ಹೊರಳಿಸಿ, ಮುಳ್ಳು ಚುಚ್ಚಿದ ಹಾಗೆ ಚುಚ್ಚಿದಾಗ, "ಅಯ್ ನಮ್ಮವ್ವಾ, ಇಂಥಾದು ಒಳಗ ಹರದಾಡಿತಲ್ಲ!" ಎಂದು ಸೊಸೆಯ ತಲೆ ಸವರಿದಳು. ಹದಿನೈದು ದಿನ ಮಗ್ಗ ಮುಟ್ಟಗೊಡಲಿಲ್ಲ. ತಾನೇ ಹುರಳಿ ಕಟ್ಟು ಕಾಸಿದಳು, ಬಾಳೆದಿಂಡು ಅರೆದು ರಸ ಹಿಂಡಿದಳು, ಗುಡ್ಡದ ಗುಡಿಯಿಂದ ಕ್ಯಾನು ತುಂಬ ಅಂತರಗಂಗೆಯ ನೀರು ತರಿಸಿದಳು. ಸೊಸೆಗೆ ಆ ಹದಿನೈದು ದಿನ ತವರು ನೆನಪಾಗಲಿಲ್ಲ.

ಎರಡನೆಯ ಕಲ್ಲು, ಮೂರನೆಯ ಕಲ್ಲು ಇದೇ ರೀತಿ ಬಂದವು, ಹೋದವು. ಡಾಕ್ಟರು ಪ್ರತಿ ಸಲ ದಿನಕ್ಕೆ ಮೂರು ಲೀಟರ್ ನೀರು ಅನ್ನುವರು. ನೋವಿದ್ದಾಗ ಕೊಡಗಟ್ಟಲೆ ನೀರು, ನೋವು ಹೋದ ಮೇಲೆ ಕೊಡ ಮೂಲೆಗೆ. ನಾಲ್ಕನೆಯದು ಮಾತ್ರ ನಾಳದಲ್ಲಿ ಸಿಕ್ಕಿಕೊಂಡು ಗದಗಿಗೆ ಒಯ್ಯಬೇಕಾಯಿತು. ಕೆಳಗಿನಿಂದ ನಳಿಗೆ ಹಾಕಿ, ಕಲ್ಲು ಒಡೆದು ತೆಗೆದು, ಒಳಗೊಂದು ಪೈಪು ಇಟ್ಟು ಮೂರು ವಾರದ ನಂತರ ಅದನ್ನೂ ತೆಗೆದರು. ಶೀಸೆಯಲ್ಲಿ ಕೊಟ್ಟ ಚೂರುಗಳಲ್ಲಿ ದೊಡ್ಡದೊಂದನ್ನು ಆರಿಸಿ ಕಳಕವ್ವ ಡಬ್ಬಿಗೆ ಸೇರಿಸಿದಳು. ಅದೇ ಕಡಲೆಬೇಳೆ ಮುರುಕು. "ಇನ್ನ ಮುಗೀತ ಬಿಡು" ಅಂದಳು.

ಮುಗಿಯಲಿಲ್ಲ. ಕಲ್ಲು ಹೋಯಿತು, ನೋವು ಉಳಿಯಿತು. ಮೊದಲಿನ ಹಾಗೆ ನೆಲಕ್ಕೆ ಕೆಡವುವ ನೋವಲ್ಲ. ಎಡ ಪಕ್ಕೆಯ ಹಿಂದೆ ಯಾರೋ ಹೆಬ್ಬೆರಳು ಊರಿ ನಿಂತಂತೆ ದಿನವಿಡೀ ಇರುವುದು, ನಡುನಡುವೆ ಆ ಹೆಬ್ಬೆರಳು ಒಳಕ್ಕೆ ಇಳಿಯುವುದು. ಆಗ ಎಡಗೈಯ ಶಕ್ತಿ ಸೋರಿಹೋಗುತ್ತಿತ್ತು. ಕಾಲು ಗಂಟೆ, ಅರ್ಧ ಗಂಟೆ, ಮತ್ತೆ ತಾನೇ ಸಡಿಲ. ರೋಣದಲ್ಲಿ ಸ್ಕ್ಯಾನಿಂಗ್ ಮಾಡಿಸಿದರು. ಕಲ್ಲಿಲ್ಲ ಅಂದರು. ಎಡಗಡೆಯ ಕಿಡ್ನಿ ಸ್ವಲ್ಪ ಸೊರಗಿದೆ, ನೀರು ಕುಡಿಯದೆ, ಉಚ್ಚೆ ತಡೆದುಕೊಂಡು ಕೂತರೆ ಕೈಬಿಡುತ್ತದೆ, ತಾಸಿಗೊಮ್ಮೆ ಎದ್ದು ಅಡ್ಡಾಡಬೇಕು ಎಂದೂ ಅಂದರು.

ಮನೆಗೆ ಬಂದ ಕೂಡಲೇ ಕಳಕವ್ವ ಕೇಳಿದ್ದು ಒಂದೇ ಮಾತು. "ಕಲ್ಲ ಐತಂತೇನು?"

"ಇಲ್ಲಂತ್ರಿ ಅತ್ತಿ."

"ಕಲ್ಲಿಲ್ಲ ಅಂದಮ್ಯಾಲೆ ಬ್ಯಾನಿ ಎಲ್ಲಿಂದ ಬಂತವಾ?"

ಅನ್ನಪೂರ್ಣಾ ರಿಪೋರ್ಟನ್ನು ಮಡಚಿ ಗೂಡಿನಲ್ಲಿಟ್ಟು ಮಗ್ಗಕ್ಕೆ ಹೋದಳು. ಅಲ್ಲಿಂದ ಮುಂದೆ ಅವಳು ನೋವು ಅಂದಾಗಲೆಲ್ಲ ಅತ್ತೆ ಕೈ ಚಾಚಿ, "ಕಲ್ಲ ತೋರ್ಸು" ಅನ್ನತೊಡಗಿದಳು. ಮೇಲೆ ತನ್ನ ಪುರಾಣ ಬೇರೆ. "ಮುತ್ತಣ್ಣ ಹುಟ್ಟೂ ದಿನ ನಾ ಸಂಜಿತನಕ ನೇದೀನಿ. ಆ ಸೀರಿ ನೆನಪಿಗಂತ ಇನ್ನೂ ಟ್ರಂಕಿನಾಗ ಇಟ್ಟೀನಿ, ಬೇಕಾದ್ರ ನೋಡು." ನೋಡಲು ಮಾತ್ರ ಎಂದೂ ತೆಗೆದುಕೊಟ್ಟಿರಲಿಲ್ಲ. ಮುತ್ತಣ್ಣ ತಾಯಿ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ ಅನ್ನುವ ಗಂಡಸು. ಎರಡು ಹೂಂ ಸೇರಿದರೆ ಏನೂ ಆಗುವುದಿಲ್ಲ.

ನೋವನ್ನು ಸಹಿಸುವುದು ಅನ್ನಪೂರ್ಣಾಳಿಗೆ ರೂಢಿಯಾಗಿತ್ತು. ಸಹಿಸಲಾಗದೆ ಹೋದದ್ದು ಆ ಚಾಚಿದ ಕೈಯನ್ನು. ಅತ್ತೆ ಒಮ್ಮೆ, ಒಂದೇ ಒಂದು ಸಲ, 'ಹೌದು, ನಿನಗ ಬ್ಯಾನಿ ಐತಿ' ಅಂದಿದ್ದರೆ ಸಾಕಿತ್ತು. ಅಷ್ಟು ಅಂದಿದ್ದರೆ ತಾಸಿಗೊಮ್ಮೆ ಏಳಲು, ನೀರು ಕುಡಿಯಲು ದಾರಿಯಾಗುತ್ತಿತ್ತು, ಸೊರಗಿದ ಕಿಡ್ನಿಗೂ ಆಸರೆಯಾಗುತ್ತಿತ್ತು.

ಪಕ್ಕದ ಮನೆಯ ಜಬೀನ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡಲು ಬರುತ್ತಿದ್ದಳು. ಒಂದು ದಿನ ನಗೆಯಾಡುತ್ತ, "ಅಕ್ಕಾ, ಒಂದ ಹರಳ ತೋರ್ಸಿಬಿಡ. ಮುದುಕಿ ಮತ್ತ ಹುರಳಿ ಕಟ್ಟ ಕಾಸ್ತೈತಿ" ಅಂದಳು. ಜಬೀನ ಅಂದದ್ದು ಚೇಷ್ಟೆಗೆ. ಅನ್ನಪೂರ್ಣಾ ಅದನ್ನು ಮನಸ್ಸಿಗೆ ಹಾಕಿಕೊಂಡಳು. ನಾಲ್ಕು ದಿನ ಯೋಚಿಸಿದಳು. ಐದನೆಯ ದಿನ ತವರಿನಿಂದ ಬಂದ ಜೋಳ ಹಸನು ಮಾಡುವಾಗ ಮೊರದ ತುದಿಗೆ ಒಂದು ಕಂದು ಹರಳು ಉರುಳಿ ಬಂತು. ಮೆಂತೆಕಾಳಿನಷ್ಟಿತ್ತು. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಮರುದಿನ ಬೆಳಗ್ಗೆ ಬಚ್ಚಲಿನಿಂದ ಹೊರಗೆ ಬಂದು, "ಅತ್ತಿ, ಬಿತ್ರಿ" ಎಂದು ಆ ಚಾಚಿದ ಕೈಗೆ ಹಾಕಿದಳು.

ಕಳಕವ್ವನ ಮುಖ ಅರಳಿತು. ಸೊಸೆ ಸುಳ್ಳು ಹೇಳಿರಲಿಲ್ಲ ಎಂಬ ಸಮಾಧಾನ ಅದು, ಅನ್ನಪೂರ್ಣಾ ಅದನ್ನು ಕಣ್ಣಾರೆ ಕಂಡಳು. ಆಮೇಲೆ ಬೆರಳುಗಳು ತಮ್ಮ ಕೆಲಸ ಶುರು ಮಾಡಿದವು. ಹೊರಳಿಸಿದವು, ತಿಕ್ಕಿದವು, ಉಗುರಿನಿಂದ ಕೆರೆದವು.

"ಇದು ನುಣ್ಣಗೈತಿ," ಅಂದಳು ಮುದುಕಿ. "ಒಳಗಿನ ಕಲ್ಲ ನುಣ್ಣಗ ಇರಂಗಿಲ್ಲ. ಇದು ನಿಮ್ಮ ಶಿರೋಳದ ಜ್ವಾಳದಾಗಿನ ಹರಳ. ಐವತ್ತ ವರ್ಷ ಜ್ವಾಳ ಹಸನ ಮಾಡೀನವಾ, ನನಗ ತಿಳಿಯಂಗಿಲ್ಲೇನು?"

ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹರಳನ್ನು ಅಂಗಳಕ್ಕೆ ಎಸೆದು, ಡಬ್ಬಿಯನ್ನು ಗೂಡಿನ ಒಳಮೂಲೆಗೆ ತಳ್ಳಿ, ಮಧ್ಯಾಹ್ನ ಮಗ ಊಟಕ್ಕೆ ಕೂತಾಗ, "ಇನ್ನ ನಿನ್ನ ಹೆಂಡ್ತಿ ಜಡ್ಡ-ಜಾಪತ್ರಿ ಸುದ್ದಿ ನನ್ನ ಮುಂದ ತರಬ್ಯಾಡ" ಅಂದಳು. ಮುತ್ತಣ್ಣ ಹೆಂಡತಿಯನ್ನು ಹಿತ್ತಲಿಗೆ ಕರೆದು, "ಯಾಕ ಹಿಂಗ ಮಾಡಿದಿ?" ಎಂದು ಕೇಳಿದ.

"ಬ್ಯಾನಿ ಖರೇನ ಐತ್ರಿ."

"ಹರಳ ಸುಳ್ಳಿತ್ತಲ್ಲ."

ಒಮ್ಮೆ ಸುಳ್ಳು ಹೇಳಿದವರ ಖರೇ ಮಾತಿಗೂ ಸಾಕ್ಷಿ ಬೇಕು. ಅನ್ನಪೂರ್ಣಾ ಆ ದಿನದಿಂದ ನೋವಿನ ಮಾತನ್ನೇ ಬಿಟ್ಟಳು. ತಾನು ಮಾಡಿದ್ದು ಹೇಸಿಗೆಯ ಕೆಲಸ ಎಂದು ಅವಳಿಗೆ ಅನ್ನಿಸಿತ್ತು, ತನ್ನ ಬಗ್ಗೆಯೇ ಸಿಟ್ಟಿತ್ತು. ಆ ಸಿಟ್ಟಿನಲ್ಲಿ ಅವಳು ಇನ್ನೊಂದು ಮೂರ್ಖತನ ಮಾಡಿದಳು. ಹಿಂದೆ ತೀರ ತಡೆಯದಾದಾಗ ಒಂದು ಸಲವಾದರೂ ಎದ್ದು ಗೋಡೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದವಳು ಈಗ ಏಳುವುದನ್ನೂ ಬಿಟ್ಟಳು. ನೋವು ಬಂದರೆ ಕೂತಲ್ಲೇ ಹಲ್ಲು ಕಚ್ಚಿ ಬಡಿಯುವಳು. ದಿನಕ್ಕೆ ಎರಡೇ ಗೆರೆ. ಹೀಗೆ ಐದು ತಿಂಗಳು ಕಳೆದವು. ಕಾಲು ಬಾವು ಬರತೊಡಗಿತು. ಎರಡು ಸಲ ಚಳಿಜ್ವರ ಬಂದು ಹೋಯಿತು. ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿ ಸುಮ್ಮನಾದಳು.

ಅಮಾವಾಸ್ಯೆಗೆ ಮಗ್ಗ ಹಾಕುವುದಿಲ್ಲ. ಆ ದಿನ ಕಳಕವ್ವ ಹೊಸ್ತಿಲ ಬೆಳಕಿಗೆ ಕೂತು, ನೇಯ್ದಿಟ್ಟ ಸೀರೆಗಳನ್ನು ಬೆರಳಾಡಿಸಿ ನೋಡಿ ಮಡಿಕೆ ಹಾಕುವಳು, ಮರುದಿನ ಮುತ್ತಣ್ಣ ಸಾವುಕಾರರಿಗೆ ಒಯ್ದು ಕೊಡುವನು. ಇಷ್ಟು ತಿಂಗಳು ಆಕೆಯ ಬೆರಳು ಗೆರೆ ಎಣಿಸಿ ಮುಂದೆ ಸಾಗಿತ್ತು, ಅಲ್ಲೊಂದು ಇಲ್ಲೊಂದು ಸಡಿಲನ್ನು ನೂಲಿನ ದೋಷ ಎಂದು ಬಿಟ್ಟಿತ್ತು. ಅವತ್ತು ಸೋಮವಾರ. ಅನ್ನಪೂರ್ಣಾ ರೊಟ್ಟಿ ಬಡಿಯುತ್ತಿದ್ದಳು. ಹೊಸ್ತಿಲಲ್ಲಿ ಮಡಿಕೆಯ ಸದ್ದು ನಿಂತದ್ದು ಅವಳಿಗೆ ತಿಳಿಯಿತು. ಹಣಿಕಿ ನೋಡಿದರೆ, ಅತ್ತೆ ಅದೇ ವಾರ ಇಳಿಸಿದ ಹಸಿರು ಪಟ್ಟೇದಂಚಿನ ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೇ ಜಾಗದಲ್ಲಿ ಬೆರಳು ಇಟ್ಟು ಕೂತಿದ್ದಳು. ಮುಂದೆ ಹೋದಳು, ಹಿಂದೆ ಬಂದಳು, ಸೀರೆಯನ್ನು ಪೂರ್ತಿ ಬಿಚ್ಚಿ ಮತ್ತೆ ತುದಿಯಿಂದ ಶುರು ಮಾಡಿದಳು.

"ಅನ್ನಪೂರ್ಣಾ, ಇಲ್ಲಿ ಬಾ."

ಹಿಟ್ಟಿನ ಕೈಯಲ್ಲೇ ಬಂದಳು. "ಗೆರಿ ಬಿದ್ದಾವೇನ್ರಿ ಅತ್ತಿ?"

"ನಾಕ ದಿನದ ಸೀರಿ. ಎಂಟ ಗೆರಿ ಅದಾವು. ಸರಿ ಐತಿ. ಕೈ ಒರಸ್ಕೊಂಡ ಕೂಡು."

ಕೂತಳು. ಕಳಕವ್ವ ಅವಳ ಬೆರಳು ಹಿಡಿದು ಬಟ್ಟೆಯ ಮೇಲೆ ಇಟ್ಟಳು. "ಇಲ್ಲಿ ಜಾಳ ಆಗೈತಿ, ಎಳಿ ಸಡಲ ಬಿದ್ದಾವು, ನಾಕ ಬೆರಳಷ್ಟು. ನಿನ್ನ ಎಡಗೈ ಸೋತೈತಿ. ಇಲ್ಲಿಂದ ಮುಂದ ಮುಟ್ಟು, ಹಲಗಿ ಹಂಗ ಒತ್ತೈತಿ. ಹಲ್ಲ ಕಚ್ಚಿ ಬಡದಿ. ಆಮ್ಯಾಲೆ ಸಮ." ಬೆರಳನ್ನು ಮುಂದೆ ಎಳೆದಳು. "ಇಲ್ಲಿ ಮತ್ತ ಜಾಳ. ಇಲ್ಲಿ ಮತ್ತ. ಹಿಂಗ ಏಳ ಕಡೆ ಐತಿ."

ಅನ್ನಪೂರ್ಣಾ ಬೆರಳು ಹಿಂತೆಗೆಯಲು ನೋಡಿದಳು, ಅತ್ತೆ ಬಿಡಲಿಲ್ಲ.

"ಮೈಗಳ್ಳರ ಬಟ್ಟಿ ನಾ ನೋಡೀನಿ. ಅವರ ಬಟ್ಟ್ಯಾಗ ಗೆರಿ ಇರ್ತಾವು, ಜಾಳ ಇರಂಗಿಲ್ಲ. ಎದ್ದ ಹೋಗ್ತಾರ, ಆರಾಮ ಆಗಿ ಬಂದ ಕೂಡ್ತಾರ. ನೀ ಏಳ ಸಲನೂ ಕುಣ್ಯಾಗಿಂದ ಎದ್ದಿಲ್ಲ." ಮುದುಕಿ ಸೀರೆಯನ್ನು ಪಕ್ಕಕ್ಕೆ ಸರಿಸಿದಳು. "ಯಾಕ ಹೇಳಲಿಲ್ಲ ನನಗ?"

"ಹೇಳಿದ್ನೆಲ್ರಿ ಅತ್ತಿ," ಅಂದಳು ಅನ್ನಪೂರ್ಣಾ. "ನೀವು ಕಲ್ಲ ತೋರ್ಸು ಅಂದ್ರಿ."

ಒಲೆಯ ಮೇಲೆ ಹಂಚಿನಲ್ಲಿ ರೊಟ್ಟಿ ಸೀಯುತ್ತಿತ್ತು. ಇಬ್ಬರಿಗೂ ವಾಸನೆ ಬಂತು, ಇಬ್ಬರೂ ಏಳಲಿಲ್ಲ. ಕೊನೆಗೆ ಕಳಕವ್ವ ಗೋಡೆ ಹಿಡಿದು ಎದ್ದು ಒಳಗೆ ಹೋಗಿ, ಟ್ರಂಕಿನ ತಳದಿಂದ ಒಂದು ಹಳೆಯ ಕೆಂಪು ಸೀರೆ ತಂದು ಸೊಸೆಯ ಮಡಿಲಿಗೆ ಹಾಕಿದಳು. ಮಡಿಕೆಗಳಲ್ಲಿ ಬಣ್ಣ ಹೋಗಿತ್ತು.

"ಮುತ್ತಣ್ಣನ ಬ್ಯಾನಿ ಬಂದಾಗ ನೇದದ್ದು ಇದು. ನಡಕ ಮುಟ್ಟಿ ನೋಡು."

ಅನ್ನಪೂರ್ಣಾ ಮುಟ್ಟಿದಳು. ಒಂದು ಮೊಳದಷ್ಟು ಜಾಳು, ಎಳೆಗಳ ನಡುವೆ ಬೆಳಕು ಕಾಣುವಷ್ಟು.

"ನೆನಪಿಗೆ ಇಟ್ಟೀನಿ ಅಂತ ಊರ ತುಂಬ ಹೇಳ್ಕೋತ ಬಂದೀನಿ. ಸುಳ್ಳ ಅದು. ಸಾವ್ಕಾರ ಜಾಳ ಐತಿ ಅಂತ ವಾಪಸ್ ಒಗದಿದ್ದ." ಕಳಕವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀ ಒಂದ ಹರಳಿನ ಸುಳ್ಳ ಹೇಳಿದಿ. ನಂದು ಒಂದ ಸೀರಿ ಸುಳ್ಳ. ನನ್ನ ಬ್ಯಾನಿಗೆ ಮುತ್ತಣ್ಣ ಹೊರಗ ಬಂದ, ಎಲ್ಲಾರೂ ನಂಬಿದ್ರು. ನಿಂದು ಹೊರಗ ಬರವಲ್ದು. ಅಷ್ಟ ಫರಕು."

ಸಂಜೆ ಮುತ್ತಣ್ಣ ಟಂಟಂ ನಿಲ್ಲಿಸಿ ಒಳಗೆ ಕಾಲಿಟ್ಟ ಕೂಡಲೇ ತಾಯಿಯ ಹುಕುಂ ಆಯಿತು. "ಆ ಹಸರ ಸೀರಿ ಕೊಡಬ್ಯಾಡ. ಗುರುವಾರ ಗದಗಿಗೆ ಹೋಗೂದೈತಿ. ನಾನೂ ಬರ್ತೀನಿ." ಮುತ್ತಣ್ಣ ಹೂಂ ಅಂದ. ಆ ಹೂಂ ಒಂದು ಕೆಲಸಕ್ಕೆ ಬಂದದ್ದು ಆಗಲೇ.

ಗುರುವಾರ ಮುತ್ತಣ್ಣ ಹತ್ತಿಸಿ ಹೋದ ಬಸ್ಸಿನಲ್ಲಿ ಕಳಕವ್ವ ಎರಡು ಬಾಟಲಿ ನೀರು ಹಿಡಿದು ಕೂತಿದ್ದಳು. ಐದು ನಿಮಿಷಕ್ಕೊಮ್ಮೆ, "ಕುಡಿ." ಹನ್ನೊಂದು ವರ್ಷದ ನೀರನ್ನು ಒಂದೇ ಬಸ್ಸಿನಲ್ಲಿ ಕುಡಿಸಿ ಮುಗಿಸುವ ಆತುರ. ಪರಿಣಾಮ ನರೇಗಲ್ಲಿನ ಹತ್ತಿರ ಕಂಡಿತು. ಸೊಸೆ ಸಂಕೋಚದಿಂದ ಮುದುಡಿ ಕೂತಿರುವಾಗ ಮುದುಕಿ ಎದ್ದು ನಿಂತು ಬಸ್ಸು ನಿಲ್ಲಿಸಲು ಕೂಗಿದಳು. ಕಂಡಕ್ಟರ್ ಕಾಶೀಂಸಾಬ, "ಏನ ಯಮ್ಮಾ, ಬಸ್ಸ ನಿಮ್ಮ ಮನೀದೇನು? ಸ್ಟ್ಯಾಂಡಿನಾಗ ನಿಲ್ತೈತಿ, ತಡೀರಿ" ಅಂದ. "ತಡದ ತಡದ ಕಿಡ್ನಿ ಹಾಳ ಆಗೈತಪ್ಪಾ, ಇನ್ನ ತಡ್ಯಾಂಗಿಲ್ಲ" ಅಂದಳು ಕಳಕವ್ವ ಇಡೀ ಬಸ್ಸಿಗೆ ಕೇಳುವಂತೆ. ಅನ್ನಪೂರ್ಣಾ ನಾಚಿ ನೀರಾದಳು. ಬಸ್ಸು ನಿಂತಿತು.

ಗದಗಿನ ದವಾಖಾನೆಯಲ್ಲಿ ಡಾಕ್ಟರಮ್ಮ ಹೊಸಬರು, ಸಣ್ಣ ವಯಸ್ಸು. ರಕ್ತ, ಮೂತ್ರ ತೆಗೆದುಕೊಂಡರು, ಮತ್ತೆ ಸ್ಕ್ಯಾನಿಂಗ್ ಆಯಿತು. ಸಂಜೆಯ ಹೊತ್ತಿಗೆ ಕರೆದು ಕೂರಿಸಿ ರಿಪೋರ್ಟ್ ನೋಡುತ್ತ, "ಸದ್ಯಕ್ಕೆ ಕಲ್ಲೇನೂ ಕಾಣಿಸುತ್ತಿಲ್ಲ" ಎಂದರು.

ಅನ್ನಪೂರ್ಣಾ ತಲೆ ತಗ್ಗಿಸಿದಳು. ಈ ಮಾತನ್ನು ಅವಳು ಎರಡು ವರ್ಷದಿಂದ ಕೇಳುತ್ತಿದ್ದಳು, ಇದರ ಹಿಂದೆ ಚಾಚಿ ಬರುವ ಕೈಯನ್ನೂ ಬಲ್ಲಳು. ಕಳಕವ್ವನ ಕೈ ಚಾಚಿತು ಕೂಡ. ಚಾಚಿದ ಕೈ ಚೀಲದೊಳಗೆ ಹೋಗಿ ಹಸಿರು ಸೀರೆಯನ್ನು ಎಳೆದು ಡಾಕ್ಟರಮ್ಮನ ಮೇಜಿನ ಮೇಲೆ, ರಿಪೋರ್ಟಿನ ಮೇಲೆಯೇ ಹರವಿತು.

"ಫೋಟೋದಾಗ ಇಲ್ಲಂದ್ರ ಬಿಡ್ರಿ. ಇದರಾಗ ಐತಿ. ನಾಕ ದಿನದಾಗ ಏಳ ಸಲ ಬಂದೈತಿ. ಕೈ ಕೊಡ್ರಿ ಇಲ್ಲಿ."

ಡಾಕ್ಟರಮ್ಮ ಗಾಬರಿಯಾದರೂ ಕೈ ಕೊಟ್ಟರು. ಮೊದಲು ಏನೂ ತಿಳಿಯಲಿಲ್ಲ. "ಕಣ್ಣ ಮುಚ್ಚ್ರಿ" ಅಂದಳು ಕಳಕವ್ವ. ಮುಚ್ಚಿದರು. ಬೆರಳು ಸಮ ಬಟ್ಟೆಯಿಂದ ಜಾಳಿಗೆ ಇಳಿದು, ಜಾಳಿನಿಂದ ಒತ್ತಿಗೆ ಹತ್ತಿತು. ಕಣ್ಣು ತೆರೆದವರು ಸೀರೆಯನ್ನು ಬಿಟ್ಟು ಅನ್ನಪೂರ್ಣಾಳ ಮುಖವನ್ನು ನೋಡಿದರು.

ಆಮೇಲೆ ಅವರು ನಿಧಾನವಾಗಿ ವಿವರಿಸಿದರು. ಕಲ್ಲು ಹೋದ ಮೇಲೂ ಕೆಲವರಿಗೆ ನೋವು ಉಳಿಯುತ್ತದೆ, ಅದು ಸುಳ್ಳಲ್ಲ. ಹಳೆಯ ಗಾಯವಿರಬಹುದು, ಸ್ಕ್ಯಾನಿಂಗಿನಲ್ಲಿ ಕಾಣದಷ್ಟು ಸಣ್ಣ ಹರಳುಗಳಿರಬಹುದು, ಬೇರೆ ಕಾರಣವೂ ಇರಬಹುದು, ಹುಡುಕೋಣ. ಸೋಂಕು ಇದೆ, ಜ್ವರ ಬಂದಾಗಲೇ ಬರಬೇಕಿತ್ತು. ಎಡ ಕಿಡ್ನಿ ಸೊರಗಿದೆ, ಆದರೆ ಕೈ ಮೀರಿಲ್ಲ. ನೀರು ಕುಡಿಯಬೇಕು, ತಾಸಿಗೊಮ್ಮೆ ಏಳಲೇಬೇಕು. ನೋವು ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ ಎಂದೂ ಹೇಳಿದರು.

"ಗೆರಿ ಬಿದ್ರ ಬೀಳ್ಲಿ ಬಿಡ್ರಿ," ಅಂದಳು ಕಳಕವ್ವ. ಡಾಕ್ಟರಮ್ಮನಿಗೆ ಯಾವ ಗೆರೆ ಎಂದು ತಿಳಿಯಲಿಲ್ಲ. ಪೆನ್ನು ತೆಗೆದು ಫೈಲಿನಲ್ಲಿ ಬರೆದುಕೊಳ್ಳುತ್ತ ಕೇಳಿದರು, "ಕಲ್ಲಿಲ್ಲದ ಈ ನೋವು ಎಷ್ಟು ದಿನದಿಂದ ಇದೆ?"

ಅನ್ನಪೂರ್ಣಾ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು. "ಆಕಿಗೆ ಎರಡ ವರ್ಷದಿಂದ್ರಿ. ನನಗ ಮೊನ್ನಿ ಸೋಮಾರದಿಂದ."

ಮೊದಲ ಕಲ್ಲಿನಿಂದ ಈಚೆಗೆ ಹನ್ನೊಂದು ವರ್ಷದಲ್ಲಿ ಎಷ್ಟು ದವಾಖಾನೆ ಹತ್ತಿಳಿದರೂ ಯಾರ ಮುಂದೆಯೂ ಅಳದಿದ್ದ ಅನ್ನಪೂರ್ಣಾ, ಸ್ಟೂಲಿನ ಮೇಲೆ ಕೂತಲ್ಲೇ ಬಿಕ್ಕಿಬಿಕ್ಕಿ ಅತ್ತಳು. ನೋವು ಬಂತೆಂದು ತಿಳಿದ ಡಾಕ್ಟರಮ್ಮ ನರ್ಸನ್ನು ಕರೆದು ಸೂಜಿ ತರಲು ಹೇಳಿದರು.

"ಸೂಜಿ ಬ್ಯಾಡ್ರಿ," ಎಂದು ಕಳಕವ್ವ ತಡೆದಳು. "ಇದು ಆ ಬ್ಯಾನಿ ಅಲ್ಲ." ಅಂದು, ಬಾಟಲಿಯ ಮುಚ್ಚಳ ತಿರುಗಿಸಿ ಸೊಸೆಯ ಕೈಗೆ ಕೊಟ್ಟಳು.